ಫೆಟಿಸೊವ್ ಆಟ ನೋಡಿ ಡಿಫೆನ್ಸ್ ಕಲಿತ ನನ್ನ ಅನುಭವ

ಡೆಟ್ರಾಯಿಟ್ ಕಡೆ ಕೆಲಸಕ್ಕೆ ಬಂದವರು ಐಸ್ ಹಾಕಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಾನಂತೂ ಕೊಡಗಿನವನು. ಶಾಲೆಯಲ್ಲಿ ಫುಲ್‌ಬ್ಯಾಕ್ ಆಡಿದವನು. ನಲವತ್ತರ ಹತ್ತಿರ ಬಂದಾಗ ಇಲ್ಲಿ ಆಫೀಸು ಮುಗಿಸಿ ಬಂದವರು ರಾತ್ರಿ ಹೊತ್ತು ಆಡುವ ಲೀಗ್‌ಗೆ ಸೇರಿಕೊಂಡೆ. ಯಾವ ಜಾಗ ಬೇಕು ಅಂದರು, ಡಿಫೆನ್ಸ್ ಅಂದೆ. ಸ್ಕೇಟಿಂಗ್ ಕಲಿಸಲು ಒಬ್ಬರು ಕೋಚ್ ಇದ್ದರು. ಡಿಫೆನ್ಸ್ ಕಲಿಸಿದ ಮೇಷ್ಟ್ರು ಮಾತ್ರ ಬೇರೆ: ರಷ್ಯದ ಹಳೆಯ ಡಿಫೆಂಡರ್ ವ್ಯಾಚೆಸ್ಲಾವ್ ಫೆಟಿಸೊವ್. ಅವರನ್ನು ನಾನು ಭೇಟಿ ಮಾಡಿಲ್ಲ. ಹಳೆ ಪಂದ್ಯಗಳ ವಿಡಿಯೊಗಳೇ ಪಾಠ.

ಅವರೇ ಯಾಕೆ? ಒಂದು ಕಾರಣ ವಯಸ್ಸು. ಫೆಟಿಸೊವ್ ಹುಟ್ಟಿದ್ದು 1958ರಲ್ಲಿ, ಮಾಸ್ಕೋದಲ್ಲಿ. ಬೆಳೆದದ್ದು ಸೇನೆಯ ತಂಡ ಸಿಎಸ್‌ಕೆಎಯಲ್ಲಿ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ಕೈಲಿ ಸೋತ ಸೋವಿಯತ್ ತಂಡದಲ್ಲಿದ್ದರು. ಆಮೇಲೆ 1984 ಮತ್ತು 1988, ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ. ವಿಶ್ವ ಚಾಂಪಿಯನ್ ಏಳು ಸಲ. ಇಷ್ಟೆಲ್ಲ ಆದ ಮೇಲೆ, 31ನೇ ವಯಸ್ಸಿಗೆ ಅಮೆರಿಕಕ್ಕೆ ಬಂದು ಇಲ್ಲಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮೊದಲಿನಿಂದ ಶುರು ಮಾಡಿದರು. ನಾನು ನೋಡುವುದು ಹೆಚ್ಚಾಗಿ ಅವರು ಡೆಟ್ರಾಯಿಟ್‌ಗೆ ಬಂದ ನಂತರದ ಪಂದ್ಯಗಳನ್ನು. ಆಗ ಅವರಿಗೆ ಮೂವತ್ತೇಳು, ಮೂವತ್ತೆಂಟು. ಕಾಲಿನ ವೇಗ ಇಳಿದಿತ್ತು. ಹಾಗಾಗಿ ಅವರು ಏನು ಮಾಡುತ್ತಿದ್ದಾರೆ ಅಂತ ನನ್ನಂಥವನ ಕಣ್ಣಿಗೂ ಬೀಳುತ್ತದೆ. ಇಪ್ಪತ್ತೈದರ ಹುಡುಗರ ಆಟ ನೋಡಿ ನಾನು ಕಲಿಯುವುದು ಏನೂ ಇಲ್ಲ, ಬರೀ ಹೊಟ್ಟೆಕಿಚ್ಚು.

ನೋಡುವ ರೀತಿ ಇದು. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಎಲ್ಲಿದೆ ಅನ್ನುವುದನ್ನು ಬಿಟ್ಟುಬಿಡುತ್ತೇನೆ. 2ನೇ ನಂಬರಿನ ಜೆರ್ಸಿ ಮೇಲೆ ಮಾತ್ರ ಕಣ್ಣು. ಪಕ್ ಅವರ ಹತ್ತಿರ ಬರುವ ಒಂದೆರಡು ಸೆಕೆಂಡ್ ಮುಂಚೆ ವಿಡಿಯೊ ನಿಲ್ಲಿಸುತ್ತೇನೆ. ತಲೆ ಯಾವ ಕಡೆ ತಿರುಗಿದೆ? ಮೊಣಕಾಲು ಎಷ್ಟು ಬಗ್ಗಿದೆ? ಸ್ಟಿಕ್‌ನ ತುದಿ ಎಲ್ಲಿದೆ?

ಮೊದಲ ಪಾಠ ಇದು. ಎದುರಾಳಿಗಳು ಪಕ್ಕನ್ನು ನಮ್ಮ ಮೂಲೆಗೆ ಹೊಡೆದು ಬೆನ್ನಟ್ಟಿಕೊಂಡು ಬರುತ್ತಾರೆ. ಡಿಫೆಂಡರ್ ಬೆನ್ನು ತಿರುಗಿಸಿ ಗೋಡೆ ಕಡೆ ಓಡಬೇಕು, ಹಿಂದೆ ಯಾರೋ ಬರುತ್ತಿರುವ ಸದ್ದು. ಹೊಸಬರೆಲ್ಲ ಆಗ ಪಕ್ಕನ್ನೇ ನೋಡುತ್ತಾರೆ. ಫೆಟಿಸೊವ್ ನೋಡುವುದು ಭುಜದ ಮೇಲಿಂದ ಹಿಂದಕ್ಕೆ. ಒಮ್ಮೆ ಎಡಕ್ಕೆ, ಸ್ವಲ್ಪ ಹತ್ತಿರ ಹೋದ ಮೇಲೆ ಬಲಕ್ಕೆ. ಬೈಕಿನವರು ತಿರುಗುವ ಮುಂಚೆ ಕನ್ನಡಿ ನೋಡುವ ಹಾಗೆ, ಅಷ್ಟು ಸಲೀಸಾಗಿ. ಪಕ್ ಮುಟ್ಟುವ ಹೊತ್ತಿಗೆ ಯಾರಿಗೆ ಕೊಡಬೇಕು ಅನ್ನುವುದು ತೀರ್ಮಾನ ಆಗಿರುತ್ತದೆ. ಒಂದು ಕಡೆ ಹೊರಟ ಹಾಗೆ ಭುಜ ಬಾಗಿಸುತ್ತಾರೆ, ಎದುರಾಳಿ ಆ ಕಡೆ ವಾಲುತ್ತಾನೆ, ಪಕ್ ಇನ್ನೊಂದು ಕಡೆ ಹೋಗುತ್ತದೆ. ಮೈಗೆ ಮೈ ತಾಗುವುದೇ ಇಲ್ಲ.

ಇದನ್ನು ಅಭ್ಯಾಸ ಮಾಡಲು ತಂಡ ಬೇಕಿಲ್ಲ. ರಿಂಕ್‌ನಲ್ಲಿ ಖಾಲಿ ಹೊತ್ತು ಸಿಗುತ್ತದೆ, ಸ್ವಲ್ಪ ದುಡ್ಡು ಕೊಟ್ಟರೆ ಒಬ್ಬರೇ ಆಡಬಹುದು. ಪಕ್ಕನ್ನು ಮೂಲೆಗೆ ಬಿಟ್ಟು ಬೆನ್ನಟ್ಟುವುದು, ಎರಡು ಸಲ ಹಿಂದೆ ನೋಡುವುದು, ತಿರುಗುವುದು. ಹಿಂದೆ ಯಾರೂ ಇಲ್ಲದೆ ಕತ್ತು ತಿರುಗಿಸುತ್ತಿದ್ದರೆ ನೋಡಿದವರು ನಗುತ್ತಾರೆ. ನಗಲಿ. ನಾಯಕನಾಗಿ ಒಲಿಂಪಿಕ್ ಚಿನ್ನ ಗೆದ್ದ ಮನುಷ್ಯ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ.

ಎರಡನೆಯ ಪಾಠ ಅಂತರ. ಎದುರಾಳಿ ಪಕ್ ತಗೊಂಡು ಮೇಲೆ ಬರುವಾಗ ನಾವು ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಇರಬೇಕು. ನಡುವೆ ಸ್ಟಿಕ್ ಚಾಚಿದರೆ ಪಕ್ಕಿಗೆ ತಾಗುವಷ್ಟು ಜಾಗ, ಜಾಸ್ತಿ ಬಿಡಬಾರದು. ಕಣ್ಣು ಅವನ ಎದೆಯ ಮೇಲೆ. ಪಕ್ ಸುಳ್ಳು ಹೇಳುತ್ತದೆ, ಎದೆ ಹೇಳುವುದಿಲ್ಲ. ನಮ್ಮ ಲೀಗ್‌ನಲ್ಲಿ ಮೈ ಡಿಕ್ಕಿ ಹೊಡೆಯುವ ಹಾಗಿಲ್ಲ, ಹಾಗಾಗಿ ಈ ಅಂತರವೇ ನಮ್ಮ ಆಯುಧ. ಅವನನ್ನು ಸುಮ್ನೆ ಗೋಡೆ ಕಡೆಗೆ ತಳ್ಳಿಕೊಂಡು ಹೋಗುವುದು, ಮಧ್ಯದ ದಾರಿ ಕೊಡದೇ ಇರುವುದು, ಅಷ್ಟೇ ಕೆಲಸ.

ಮೂರನೆಯದು ನನ್ನ ಹಳೆ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ನಮ್ಮೂರ ಮೈದಾನದಲ್ಲಿ ಫುಲ್‌ಬ್ಯಾಕ್ ಅಂದರೆ ಅಪಾಯ ಬಂದಾಗ ಉದ್ದಕ್ಕೆ ಹೊಡೆಯುವವನು. ಇಲ್ಲಿ ಮಧ್ಯದ ಗೆರೆಗೆ ಮುಂಚೆ ಹೊಡೆದ ಪಕ್ ಯಾರಿಗೂ ತಾಗದೆ ಆಚೆ ತುದಿ ದಾಟಿದರೆ ಐಸಿಂಗ್ ಅನ್ನುವ ತಪ್ಪು. ಆಟ ಮತ್ತೆ ನಮ್ಮ ಗೋಲಿನ ಮುಂದೆಯೇ ಶುರು. ಸೋವಿಯತ್ ಆಟಗಾರರಿಗಂತೂ ಪಕ್ಕನ್ನು ಹಾಗೆ ಬಿಟ್ಟುಕೊಡುವುದೇ ಒಗ್ಗುತ್ತಿರಲಿಲ್ಲ. ದಾರಿ ಮುಚ್ಚಿದ್ದರೆ ತಿರುಗಿ ತಮ್ಮ ಗೋಲಿನ ಕಡೆಗೇ ಬರುತ್ತಿದ್ದರು. ಜೊತೆಯ ಡಿಫೆಂಡರಿಗೆ ಅಡ್ಡ ಪಾಸ್ ಕೊಟ್ಟು, ಫಾರ್ವರ್ಡ್‌ಗಳು ಮತ್ತೆ ವೇಗ ಹಿಡಿದ ಮೇಲೆ ಹೊಸದಾಗಿ ಹೊರಡುತ್ತಿದ್ದರು. ಫೆಟಿಸೊವ್, ಕಸಟೊನೊವ್, ಲಾರಿಯೊನೊವ್, ಕ್ರುಟೊವ್, ಮಕರೊವ್ ಐದೂ ಜನ ಎಂಬತ್ತರ ದಶಕದಲ್ಲಿ ಆಡಿದ್ದು ಹೀಗೆ. ಅಭ್ಯಾಸಕ್ಕೆ ಹಸಿರು ಜೆರ್ಸಿ ಹಾಕುತ್ತಿದ್ದರು ಅಂತ ಅವರಿಗೆ ಹಸಿರು ತಂಡ ಅಂತಲೇ ಹೆಸರಾಯಿತು.

ಆ ಹೊಂದಾಣಿಕೆ ಸುಲಭಕ್ಕೆ ಬಂದದ್ದಲ್ಲ, ಸಂತೋಷದಿಂದ ಬಂದದ್ದೂ ಅಲ್ಲ. ಕೋಚ್ ವಿಕ್ಟರ್ ಟಿಖೊನೊವ್ ವರ್ಷದ ಬಹುಪಾಲು ಆಟಗಾರರನ್ನು ಮನೆ ಬಿಡಿಸಿ ಶಿಬಿರದಲ್ಲೇ ಇಟ್ಟುಕೊಳ್ಳುತ್ತಿದ್ದರು. ಹೊರದೇಶಕ್ಕೆ ಹೋಗಲು ಬಿಡದಿದ್ದಾಗ ಸೇನೆಯ ಅಧಿಕಾರಿಯೂ ಆಗಿದ್ದ ಫೆಟಿಸೊವ್ ಬಹಿರಂಗವಾಗಿಯೇ ತಿರುಗಿಬಿದ್ದರು. 1989ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಸೇರಿದರು. ಆ ಜಗಳದಲ್ಲಿ ಪ್ರಾಣಸ್ನೇಹಿತ ಕಸಟೊನೊವ್ ಜೊತೆ ಮಾತು ಬಿಟ್ಟುಹೋಗಿತ್ತು. ಅದೇ ಕಸಟೊನೊವ್ ಕೆಲವೇ ತಿಂಗಳಲ್ಲಿ ಅದೇ ತಂಡಕ್ಕೆ ಬಂದರು. ಮಾತಿಲ್ಲ, ಪಾಸ್ ಮಾತ್ರ ಸರಿಯಾಗಿ ಹೋಗುತ್ತಿತ್ತು. ನನಗೆ ಅವರ ಕಥೆಯಲ್ಲಿ ಎಲ್ಲಕ್ಕಿಂತ ವಿಚಿತ್ರ ಅನ್ನಿಸುವುದು ಇದು.

1995ರಲ್ಲಿ ನ್ಯೂಜೆರ್ಸಿಯವರು ಅವರನ್ನು ಡೆಟ್ರಾಯಿಟ್‌ಗೆ ಕೊಟ್ಟರು, ಬದಲಿಗೆ ಪಡೆದದ್ದು ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿನ ಒಂದು ಆಯ್ಕೆ. ಮುದುಕ ಅಂತಲೇ ಲೆಕ್ಕ. ಆ ಅಕ್ಟೋಬರ್ 27ರಂದು ಕ್ಯಾಲ್ಗರಿ ವಿರುದ್ಧ ಕೋಚ್ ಸ್ಕಾಟಿ ಬೋಮನ್ ಐದು ರಷ್ಯನ್ನರನ್ನು ಒಟ್ಟಿಗೆ ಇಳಿಸಿದರು: ಫೆಟಿಸೊವ್, ಕಾನ್‌ಸ್ಟಾಂಟಿನೊವ್, ಲಾರಿಯೊನೊವ್, ಫೆಡೊರೊವ್, ಕೊಜ್ಲೊವ್. ಆ ಸೀಸನ್‌ನಲ್ಲಿ ತಂಡ 62 ಪಂದ್ಯ ಗೆದ್ದು ಆಗಿನ ದಾಖಲೆ ಮಾಡಿತು. 1997ರ ಜೂನ್‌ನಲ್ಲಿ ಫಿಲಡೆಲ್ಫಿಯಾ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿ, 42 ವರ್ಷದ ನಂತರ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್. ಆರು ದಿನ ಕಳೆದು, ಫೆಟಿಸೊವ್ ಮತ್ತು ಕಾನ್‌ಸ್ಟಾಂಟಿನೊವ್ ಇದ್ದ ಬಾಡಿಗೆ ಲಿಮೊಸಿನ್ ಮರಕ್ಕೆ ಗುದ್ದಿತು. ಫೆಟಿಸೊವ್ ಗಾಯಗಳ ಜೊತೆ ಪಾರಾದರು. ಕಾನ್‌ಸ್ಟಾಂಟಿನೊವ್ ಮತ್ತೆ ಆಡಲೇ ಇಲ್ಲ. ಮುಂದಿನ ವರ್ಷ ಕಪ್ ಮತ್ತೆ ಗೆದ್ದಾಗ ಅದನ್ನು ಗಾಲಿ ಕುರ್ಚಿಯಲ್ಲಿದ್ದ ಅವರ ತೊಡೆಯ ಮೇಲೆ ಇಟ್ಟರು. ಅದಾದ ಮೇಲೆ, ನಲವತ್ತು ತುಂಬಿದ್ದ ಫೆಟಿಸೊವ್ ಎನ್‌ಎಚ್‌ಎಲ್ ಬಿಟ್ಟರು. ಅಲ್ಲಿ 546 ಪಂದ್ಯ ಆಡಿದ್ದರು, ಹೊಡೆದ ಗೋಲು 36.

ನನ್ನ ಆಟಕ್ಕೆ ಬಂದರೆ, ಆ ಹಿಂದೆ ತಿರುಗುವ ಪಾಠ ತಂಡದಲ್ಲಿ ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ. ಪಕ್ ಹಿಡಿದು ನಮ್ಮ ಗೋಲಿನ ಕಡೆ ತಿರುಗಿದರೆ ಬೆಂಚಿನಿಂದ ಕೂಗು ಬರುತ್ತದೆ, ಹೊಡಿ, ಹೊಡಿ ಅಂತ. ನನ್ನ ಜೊತೆ ಆಡುವ ಡಿಫೆಂಡರ್ ಇಲ್ಲಿಯೇ ಹುಟ್ಟಿ ಬೆಳೆದವನು, ರಷ್ಯನ್ ಐವರನ್ನು ಚಿಕ್ಕವನಿದ್ದಾಗ ಟಿವಿಯಲ್ಲಿ ನೋಡಿದವನು. ಅವನು ಮಾತ್ರ ಕೂಗುವುದಿಲ್ಲ. ನಾನು ತಿರುಗಿದ ಕೂಡಲೇ ಆಚೆ ಬದಿಯಲ್ಲಿ ಸ್ಟಿಕ್ಕನ್ನು ಐಸ್ ಮೇಲೆ ಎರಡು ಸಲ ಕುಟ್ಟುತ್ತಾನೆ. ಪಾಸ್ ಅಲ್ಲಿಗೆ ಹೋಗುತ್ತದೆ.