ಓಲ್ಡ್ ಕೋರ್ಸ್ ಆಡಿ ಬಂದೆವು, ತಲೆಗೆ 900 ಪೌಂಡ್ ಚಿಲ್ಲರೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಎಲ್ಲ ಏರ್ಪಾಡು ನಾನೇ ಮಾಡಿಕೊಂಡು ಹೋಗಿ, ಅಲ್ಲಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಆಡಿ ಬರ್ತೀನಿ ಅಂದಾಗ ಲಂಡನ್ನಿನ ನಮ್ಮ ಗಾಲ್ಫ್ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. "ಪ್ಯಾಕೇಜ್ ಇಲ್ಲದೆ ಓಲ್ಡ್ ಕೋರ್ಸ್ ಸಿಗಲ್ಲ ಮಾರಾಯ" ಅಂದರು. ಪ್ಯಾಕೇಜಿನವರು ಕೇಳಿದ್ದು ತಲೆಗೆ ಸುಮಾರು 1,900 ಪೌಂಡ್. 2025ರ ಜೂನ್‌ನಲ್ಲಿ ನಾನೂ ಗೆಳೆಯನೂ ಐದು ರಾತ್ರಿ ಇದ್ದು ನಾಲ್ಕು ರೌಂಡ್ ಆಡಿ ಅದರ ಅರ್ಧದಲ್ಲಿ ಮುಗಿಸಿದೆವು.

ಅದಕ್ಕೆ ಮೊದಲು ಎರಡು ಸಲ ದುಡ್ಡು ಕಳೆದೆ. 2023ರಲ್ಲಿ ಎರಡು ದಿನಕ್ಕೆ ವಿಮಾನದಲ್ಲಿ ಹೋದೆ. ಗಾಲ್ಫ್ ಬ್ಯಾಗಿಗೇ ಹೋಗಿಬರಲು 80 ಪೌಂಡ್, ಮೇಲೆ ಬಾಡಿಗೆ ಕಾರು, ಹೋಟೆಲು. ಓಲ್ಡ್ ಕೋರ್ಸಿನಲ್ಲಿ ಆಡಲು ಹೆಸರು ಕೊಟ್ಟು ಕಾಯುವ ಲಾಟರಿ, ಅಂದರೆ ಬ್ಯಾಲಟ್, ಎರಡು ದಿನವೂ ಬರಲಿಲ್ಲ. ಒಟ್ಟು 700 ಪೌಂಡ್ ಕಳೆದು, ಅಲ್ಲಿನದೇ ಇನ್ನೊಂದು ಕೋರ್ಸ್ ಜೂಬಿಲಿಯಲ್ಲಿ ಒಂದೇ ರೌಂಡ್ ಆಡಿದೆ. ತುಂಬ ಹೊಟ್ಟೆ ಉರಿಯಿತು. ಮರುವರ್ಷ ಅಗ್ಗ ಅಂತ ನವೆಂಬರ್‌ನಲ್ಲಿ ಹೋದೆ. ಚಳಿಗಾಲದಲ್ಲಿ ಓಲ್ಡ್ ಕೋರ್ಸಿನ ಫೇರ್‌ವೇನಲ್ಲಿ, ಅಂದರೆ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ, ಬಾಲ್ ಕೆಳಗೆ ಚಿಕ್ಕ ಮ್ಯಾಟ್ ಇಟ್ಟೇ ಹೊಡೀಬೇಕು, ನಾಲ್ಕು ಗಂಟೆಗೆ ಕತ್ತಲು. ಅಷ್ಟು ದೂರ ಹೋಗಿ ಮ್ಯಾಟ್ ಮೇಲೆ ಆಡೋದು ನನಗಂತೂ ಬೇಡ.

ಈ ಸಲ ಹಟ ಹಿಡಿದು ಎಲ್ಲ ಬದಲಿಸಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಸೇಂಟ್ ಆಂಡ್ರೂಸ್‌ಗೆ ಹತ್ತಿರದ ಸ್ಟೇಷನ್ ಲೂಕರ್ಸ್‌ಗೆ ನೇರ ರೈಲು, ಐದೂವರೆ ಗಂಟೆ, ಬ್ಯಾಗಿಗೆ ದುಡ್ಡಿಲ್ಲ. ಟಿಕೆಟ್ ಮೊದಲೇ ತೆಗೆದದ್ದಕ್ಕೆ ಹೋಗಿಬರಲು 130 ಪೌಂಡ್ ಆಸುಪಾಸು ಬಿತ್ತು. ಸ್ಟೇಷನ್ನಿಂದ 99 ನಂಬರ್ ಬಸ್ಸು. ಬೇಸಿಗೆ ರಜೆಯಲ್ಲಿ ಯೂನಿವರ್ಸಿಟಿ ಹಾಸ್ಟೆಲ್ ರೂಮುಗಳನ್ನು ಬಾಡಿಗೆಗೆ ಕೊಡುತ್ತಾರೆ, ಹಂಚಿಕೊಂಡರೆ ರಾತ್ರಿಗೆ ತಲಾ 45 ಬಿತ್ತು. ಊಟಕ್ಕೆ ಪುಳಿಯೋಗರೆ ಪುಡಿ, ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು.

ಮುಖ್ಯ ಕೆಲಸ ಬ್ಯಾಲಟ್‌ದು. ಇಬ್ಬರಾದರೂ ಇರಬೇಕು, ಆಡುವ ದಿನಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ ಎರಡರೊಳಗೆ ಹೆಸರು ಕೊಡಬೇಕು. ಎರಡು ದಿನಕ್ಕೆ ಹೋದವರಿಗೆ ಸಿಗೋದು ಅಪರೂಪ, ಐದು ರಾತ್ರಿ ಇದ್ದರೆ ಬೇರೆ ಮಾತು. ಭಾನುವಾರ ಹೋಗಿ ಇಳಿದೆವು. ಸೋಮವಾರಕ್ಕೆ ಶನಿವಾರ ಮನೆಯಿಂದಲೇ ಹೆಸರು ಕೊಟ್ಟಿದ್ದೆ. ಸೋಮ, ಮಂಗಳ, ಬುಧ ಮೂರೂ ಹೋಯಿತು, ಗುರುವಾರಕ್ಕೆ ಬಂತು! ಯಾವ ಹೊತ್ತಿನ ಟೀ ಟೈಮ್ (ಆಟ ಶುರು ಮಾಡುವ ಸಮಯ) ಕೇಳಿದ್ದೆ ಅನ್ನೋದು ಮಾತ್ರ ಹೇಳಲ್ಲ, ಮುಂದಿನ ವರ್ಷ ನಾನೇ ಮತ್ತೆ ಹೋಗಬೇಕು. ಫೀ ಆಗ ಸುಮಾರು 340 ಪೌಂಡ್ ಇತ್ತು, ಅದರಲ್ಲಿ ಉಳಿಸೋಕಾಗಲ್ಲ. ಬ್ಯಾಗ್ ಹೊತ್ತು ದಾರಿ ಹೇಳುವ ಕ್ಯಾಡಿಯನ್ನು ಇಟ್ಟುಕೊಳ್ಳಲಿಲ್ಲ. ಕಷ್ಟದ 17ನೇ ಹೋಲ್‌ನಲ್ಲಿ ಬೋಗಿ, ಅಂದರೆ ನಿಗದಿಗಿಂತ ಒಂದೇ ಹೊಡೆತ ಹೆಚ್ಚು, ಮಾಡಿದೆ. ನನ್ನಂಥ ಸಾಧಾರಣ ಆಟಗಾರನಿಗೆ (ಹ್ಯಾಂಡಿಕ್ಯಾಪ್ 16) ಅದು ದೊಡ್ಡದೇ.

ಕಾಯುವ ದಿನಗಳು ದಂಡವಾಗಲಿಲ್ಲ. ಸೇಂಟ್ ಆಂಡ್ರೂಸ್‌ನ ಬೇರೆ ಕೋರ್ಸ್‌ಗಳಾದ ಸ್ಟ್ರಾಥ್‌ಟೈರಮ್, ಈಡನ್ ಎರಡೂ ಆಡಿದೆವು. ಬಸ್ಸಿನಲ್ಲಿ ಹತ್ತಿರದ ಆನ್‌ಸ್ಟ್ರದರ್ ಊರಿಗೆ ಹೋಗಿ ಅಲ್ಲಿನ ಒಂಬತ್ತು ಹೋಲ್‌ನ ಕೋರ್ಸಿನಲ್ಲಿ ಆಡಿ ಬಂದೆವು. ಅಲ್ಲಿನ ಐದನೇ ಹೋಲ್ ಸಮುದ್ರದ ಪಕ್ಕದ ಪಾರ್ ತ್ರೀ (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್), ಒಂದಕ್ಕೊಂದು ತಾಳೆ ನೋಡೋಣ ಅಂತ ಸೆಕೆಂಡ್ ಹ್ಯಾಂಡ್ ಬಾಲ್ ಎರಡು, ಹೊಸದು ಎರಡು ಹೊಡೆದೆ. ಆ ಗಾಳಿಯಲ್ಲಿ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಹೊಸ ಬಾಲ್ ಕೊಂಡಿಲ್ಲ.

ಸಂಜೆ ಹೊತ್ತು ಹಿಮಾಲಯಾಸ್. ಅದು 1867ರಲ್ಲಿ ಶುರುವಾದ ಮಹಿಳೆಯರ ಪಟಿಂಗ್ (ಬಾಲನ್ನು ನೆಲದ ಮೇಲೆ ಉರುಳಿಸಿ ಗುಂಡಿಗೆ ಹಾಕುವ ಆಟ) ಕ್ಲಬ್ಬಿನ ಹುಲ್ಲುಹಾಸು, ಯಾರು ಬೇಕಾದರೂ ಕೆಲವೇ ಪೌಂಡ್ ಕೊಟ್ಟು ಆಡಬಹುದು. ಭಾನುವಾರ ಓಲ್ಡ್ ಕೋರ್ಸಿಗೆ ಆಟದ ರಜೆ, ಊರವರು ನಾಯಿ ಕರ್ಕೊಂಡು ಓಡಾಡುತ್ತಾರೆ. ನಾವೂ ಬಂದ ದಿನವೇ ಹದಿನೆಂಟೂ ಹೋಲ್ ನಡೆದು, ಬಂಕರ್ (ಮರಳಿನ ಗುಂಡಿ) ಎಲ್ಲೆಲ್ಲಿ ಅಂತ ಚೀಟಿಯಲ್ಲಿ ಬರೆದುಕೊಂಡೆವು. ಗುರುವಾರ ಕ್ಯಾಡಿ ಇಲ್ಲದೆ ಆಡಿದ್ದು ಆ ಚೀಟಿ ಹಿಡಿದೇ.