ಕ್ಯಾಥೆಡ್ರಲ್ ಗಾರ್ಜ್‌ಗೆ ಹೋಗೋರು ಇಷ್ಟು ತಿಳ್ಕೊಂಡು ಹೊರಡಿ

ಲಾಸ್ ವೇಗಸ್‌ನಿಂದ ಯುಎಸ್ 93 ಹೈವೇ ಹಿಡಿದು ಉತ್ತರಕ್ಕೆ ಸುಮಾರು 265 ಕಿಮೀ, ಪನಾಕಾ ಅನ್ನೋ ಪುಟ್ಟ ಊರಿನ ಪಕ್ಕದಲ್ಲೇ ಇದೆ ಈ ನೆವಾಡಾ ಸ್ಟೇಟ್ ಪಾರ್ಕ್. ದಾರೀಲಿ ಬಂಕ್ ಸಿಗೋದು ಕಮ್ಮಿ, ಟ್ಯಾಂಕ್ ಫುಲ್ ಮಾಡ್ಕೊಂಡೇ ಹೊರಡಿ. ಏಪ್ರಿಲ್-ಮೇ ಇಲ್ಲಾಂದ್ರೆ ಸೆಪ್ಟೆಂಬರ್-ಅಕ್ಟೋಬರ್ ಬೆಸ್ಟು, ಜುಲೈನಲ್ಲಿ ಹೋದ್ರೆ ಬೆಂದೋಗ್ತೀರ.

ಮೊದ್ಲು ಮಿಲ್ಲರ್ ಪಾಯಿಂಟ್‌ನಿಂದ ಇಡೀ ಕಣಿವೆ ನೋಡ್ಬಿಡಿ, ಆಮೇಲೆ ಕೆಳಗೆ ಮೂನ್ ಕೇವ್ಸ್, ಅಂದ್ರೆ ಎತ್ತರದ ಜೇಡಿಮಣ್ಣಿನ ಗೋಡೆಗಳ ನಡುವೆ ಇರೋ ಗುಹೆಯಂಥ ಸಂದಿಗಳು. ಲಕ್ಷಾಂತರ ವರ್ಷದ ಹಿಂದೆ ಇಲ್ಲಿ ಸರೋವರ ಇತ್ತು, ಅದರ ತಳದಲ್ಲಿ ಕೂತ ಹೂಳು, ಜ್ವಾಲಾಮುಖಿ ಬೂದಿ ಎಲ್ಲಾ ಗಟ್ಟಿಯಾಗಿ, ನೀರು ಹೋದ್ಮೇಲೆ ಮಳೆ-ಹಿಮ ಅದನ್ನ ಕೊರೆದು ಕೊರೆದು ಗೋಪುರಗಳ ಸಾಲು ಮಾಡಿಟ್ಟಿದೆ. ಗೋಡೆ ನಡುವಿನ ಸಂದಿ ಕೆಲವು ಎಷ್ಟು ಕಿರಿದು ಅಂದ್ರೆ ಅಡ್ಡ ತಿರುಗಿ, ಬ್ಯಾಗ್ ಕೈಲಿ ಹಿಡ್ಕೊಂಡು ನುಗ್ಬೇಕು, ಒಳಗೆ ಮಾತ್ರ ತಣ್ಣಗೆ, ಕತ್ತೆತ್ತಿದ್ರೆ ನೀಲಿ ಪಟ್ಟಿ ಥರ ಆಕಾಶ. ಮಕ್ಕಳು ಆಚೆ ಬರೋಕೇ ಒಪ್ಪಲ್ಲ!

ಗೋಡೆ ಹತ್ತೋದು, ಹೆಸರು ಕೆತ್ತೋದು ದಯವಿಟ್ಟು ಬೇಡ, ಉಗುರು ತಾಗಿದ್ರೂ ಪುಡಿ ಉದುರುತ್ತೆ. ಮಳೆ ಬಂದಿದ್ರೆ ಪ್ಲಾನ್ ಮುಂದೂಡಿ, ಜೇಡಿಮಣ್ಣು ಜಾರುತ್ತೆ, ಶೂಗೆ ಮೆತ್ಕೊಂಡು ಕಾಲೇ ಎತ್ತಕ್ಕಾಗಲ್ಲ. ಟೈಮ್ ಇದ್ರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಕರೆಂಟು, ಶವರ್ ಎಲ್ಲಾ ಇದೆ.