ಒಂದಡಿ ಕೆಳಗೆ ಏನಿದೆ? ಹೊಲದ ಗಟ್ಟಿ ಪದರ ಪತ್ತೆ ಮಾಡುವುದು ಹೇಗೆ

ಎಂಟು ವರ್ಷದ ಹಿಂದೆ ನಾಗಮಂಗಲ ಕಡೆಯ ನಮ್ಮ ಮಾಳದ ಹೊಲದಲ್ಲಿ ನಲವತ್ತು ಮಾವಿನ ಸಸಿ ನೆಟ್ಟೆ. ಮೊದಲ ಎರಡು ವರ್ಷ ನೋಡೋಕೆ ಚಂದ. ಮೂರನೇ ಬೇಸಿಗೆಯಲ್ಲಿ ಎಲೆಯ ಅಂಚು ಸುಟ್ಟ ಹಾಗಾಯಿತು. ಆಮೇಲೆ ಜೋರು ಮಳೆ ಹಿಡಿದಾಗ ಬೇರು ಕೊಳೆಯಿತು. ಬೇಸಿಗೆಯಲ್ಲಿ ನೀರಿಲ್ಲದೆ ಒಣಗುವ ಗಿಡ, ಮಳೆಯಲ್ಲಿ ನೀರು ಜಾಸ್ತಿಯಾಗಿ ಸಾಯುತ್ತದೆ ಅಂದರೆ ಯಾರು ನಂಬುತ್ತಾರೆ? ಸಸಿ ಕೊಟ್ಟ ನರ್ಸರಿಯವರನ್ನು ಬೈದೆ. ಎರಡು ಸಲ ಔಷಧಿ ಹೊಡೆದೆ. ಕೊನೆಗೆ ಸೋದರಮಾವ ಬಂದು ಸತ್ತ ಗಿಡವೊಂದನ್ನು ಕಿತ್ತು ನೋಡಿದರು. ತಾಯಿಬೇರು ಒಂದೂಕಾಲು ಅಡಿ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿಕೊಂಡಿತ್ತು. "ಲೋ ಅಳಿಯ, ನೀನು ಗುಣಿ ತೋಡಿಲ್ಲ ಕಣೋ, ಬಾನಿ ಹೂತಿದ್ದೀಯ" ಅಂದರು.

ನರ್ಸರಿಯವರ ತಪ್ಪೇನೂ ಇರಲಿಲ್ಲ. ಮೇಲೆ ಒಂದಡಿ ಒಳ್ಳೆಯ ಮರಳುಮಿಶ್ರಿತ ಕೆಮ್ಮಣ್ಣು, ನೀರು ಸರಸರ ಇಳಿಯುತ್ತದೆ. ಅದರ ಕೆಳಗೆ ಬೇರಿಗೂ ನೀರಿಗೂ ಜಗ್ಗದ ಗಟ್ಟಿ ಪದರ. ಮಂಡ್ಯ, ಮೈಸೂರು ಜಿಲ್ಲೆಗಳ ಬೆದ್ದಲುಗಳಲ್ಲಿ ಇಂಥ ಜಾಗ ಬೇಕಾದಷ್ಟಿದೆ. ಗಿಡಕ್ಕೋ ಡ್ರಿಪ್‌ಗೋ ದುಡ್ಡು ಸುರಿಯುವ ಮೊದಲು ಇದನ್ನು ಪತ್ತೆ ಮಾಡಲು ಅರ್ಧ ದಿನ ಸಾಕು. ಒಂದು ಹಾರೆ, ಗುದ್ದಲಿ, ಸನಿಕೆ, ಹಳೆಯ ಚಾಕು, ಟೇಪು, ಒಂದೆರಡು ಗಾಜಿನ ಲೋಟ ಇದ್ದರೆ ಆಯಿತು.

ಮಣ್ಣು ಪರೀಕ್ಷೆ ಮಾಡಿಸಿದ್ದೇನಲ್ಲ ಅನ್ನಬಹುದು. ಸಾಮಾನ್ಯವಾಗಿ ಆ ಮಾದರಿಯನ್ನು ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ ಎಂದು ಚೀಟಿ ಹೇಳುತ್ತದೆ. ಒಂದಡಿ ಕೆಳಗೆ ಏನಿದೆ ಎಂಬುದು ಅದರಲ್ಲಿ ಬರುವುದೇ ಇಲ್ಲ.

ಮೊದಲು ಸುಮ್ನೆ ಒಂದು ಸುತ್ತು

ಅಗೆಯುವ ಮೊದಲು ಹೊಲ ಸುತ್ತಿ. ಮರಳು ಮಣ್ಣಾದರೂ ಮಳೆಯ ಮಾರನೇ ದಿನ ಕಾಲಿಟ್ಟರೆ ಪಚಪಚ ಅನ್ನುವ ಜಾಗ ಇದೆಯಾ? ರಾಗಿ ಎಲ್ಲಕ್ಕಿಂತ ಮೊದಲು ಬಾಡುವ ಪಟ್ಟೆ ಯಾವುದು? ಗಾಳಿಗೆ ಬಿದ್ದ ಮರದ ಬುಡ ತಟ್ಟೆಯ ಹಾಗೆ ಚಪ್ಪಟೆಯಾಗಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪಕ್ಕದಲ್ಲಿ ಯಾರಾದರೂ ಪೈಪಿಗೆ ಚರಂಡಿ ತೋಡಿಸಿದ್ದರೆ, ಮನೆಗೆ ಪಾಯ ತೆಗೆದಿದ್ದರೆ ಹೋಗಿ ಆ ಗೋಡೆ ನೋಡಿ. ಬಿಟ್ಟಿ ಪಾಠ.

ಗುಂಡಿ ತೋಡುವ ಬಗೆ

ಇಲ್ಲಿ ದಿನ ನೋಡಿಕೊಳ್ಳುವುದು ಮುಖ್ಯ. ನಮ್ಮ ಕೆಮ್ಮಣ್ಣಿಗೆ ಒಂದು ಗುಣ ಇದೆ. ಏಪ್ರಿಲ್‌ನಲ್ಲಿ ಒಣಗಿದರೆ ಇಟ್ಟಿಗೆ, ನೆನೆದರೆ ಮೆತ್ತಗೆ. ಬೇಸಿಗೆಯಲ್ಲಿ ಹಾರೆ ಹಾಕಿ ಇಳಿಯಲಿಲ್ಲ ಅಂದರೆ ಅದು ಗಟ್ಟಿ ಪದರವೇ ಅಂತ ಹೇಳಲಾಗದು. ಹಾಗಾಗಿ ಹದವಾಗಿ ಮಳೆ ಬಿದ್ದು ಎರಡು ಮೂರು ದಿನ ಆದ ಮೇಲೆ ತೋಡಿ. ಆಗಲೂ ಹಾರೆ ನಿಂತಿತು ಅಂದರೆ ನಿಜವಾಗಿ ನಿಂತಿದೆ ಎಂದರ್ಥ.

ಹೊಲದ ಮೇಲ್ಗಡೆ, ನಡುವೆ, ತಗ್ಗಿನಲ್ಲಿ ಒಂದೊಂದು ಗುಂಡಿ. ಒಂದರಲ್ಲೇ ನಿಲ್ಲಿಸಬೇಡಿ. ನಮ್ಮ ಎರಡು ಎಕರೆಯಲ್ಲೇ ಮೇಲೆ ಒಂದಡಿ, ಕೆಳಗೆ ಮೂರಡಿ ಮಣ್ಣು ಸಿಕ್ಕಿತು. ಎರಡಡಿ ಅಗಲ, ಮೂರಡಿ ಉದ್ದ, ಆಳ ಮೂರಡಿ ಅಥವಾ ಹಾರೆ ಠಣ್ ಅನ್ನುವವರೆಗೆ. ಒಂದು ಗೋಡೆಗೆ ಬಿಸಿಲು ಬೀಳುವ ಹಾಗೆ ನೇರವಾಗಿ ಕೆತ್ತಿ. ಆ ಗೋಡೆಗೆ ಮೇಲಿಂದ ಎರಡೆರಡು ಅಂಗುಲಕ್ಕೆ ಚಾಕು ಚುಚ್ಚುತ್ತಾ ಬನ್ನಿ. ಎಲ್ಲಿ ಚಾಕು ತಡೆಯಿತೋ ಅಲ್ಲಿ ಟೇಪು ಹಿಡಿದು ಬರೆದುಕೊಳ್ಳಿ. ಬೇರುಗಳನ್ನೂ ನೋಡಿ. ಬಿರುಕಿನಲ್ಲಿ ಮಾತ್ರ ಇಳಿದಿವೆಯೋ, ಒಂದೇ ಮಟ್ಟದಲ್ಲಿ ಚಾಪೆಯ ಹಾಗೆ ಹರಡಿವೆಯೋ? ಚಾಪೆಯಾಗಿದ್ದರೆ ಪದರ ಅದರ ಕೆಳಗೇ ಇದೆ.

ಮಣ್ಣು ವಿಜ್ಞಾನದ ಲೆಕ್ಕದಲ್ಲಿ ಬೇರಿಗೆ ಸಿಗುವ ಆಳ 50 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೆಳು ಮಣ್ಣು, 25ಕ್ಕಿಂತ ಕಡಿಮೆ ಇದ್ದರೆ ತೀರಾ ತೆಳು. ಈ ಅಳತೆಯನ್ನು ನೀರಿನ ಲೆಕ್ಕಕ್ಕೆ ತಿರುಗಿಸಿದರೆ ಕಣ್ಣು ತೆರೆಯುತ್ತದೆ. ಮರಳುಮಿಶ್ರಿತ ಗೋಡು ಮಣ್ಣು ಪ್ರತಿ 10 ಸೆಂ.ಮೀ. ಆಳಕ್ಕೆ ಗಿಡಕ್ಕೆ ದಕ್ಕುವಂಥ ನೀರನ್ನು ಸುಮಾರು 10ರಿಂದ 12 ಮಿ.ಮೀ. ಹಿಡಿದಿಟ್ಟುಕೊಳ್ಳುತ್ತದೆ. 35 ಸೆಂ.ಮೀ. ಮಣ್ಣು ಅಂದರೆ ಹೆಚ್ಚುಕಡಿಮೆ 40 ಮಿ.ಮೀ. ಬಿಸಿಲಲ್ಲಿ ತುಂಬಿದ ಬೆಳೆ ದಿನಕ್ಕೆ 5 ಮಿ.ಮೀ. ಕುಡಿಯುತ್ತದೆ. ಎಂಟು ದಿನಕ್ಕೆ ಖಾಲಿ. ಮಣ್ಣಿನಲ್ಲಿ ಮೂರರಲ್ಲಿ ಒಂದು ಪಾಲು ಕಲ್ಲಿದ್ದರೆ ಐದೇ ದಿನ. ಮಂಡ್ಯದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬಿದ್ದರೂ ಮುಂಗಾರಿನ ನಡುವೆ ಹದಿನೈದು ದಿನ ಮೋಡ ಬರೀ ಮುಖ ತೋರಿಸಿ ಹೋಗುವುದು ನಮಗೆ ಹೊಸದಲ್ಲ. ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಮಣ್ಣಿನಲ್ಲಿ ಎಷ್ಟು ನಿಂತಿತು ಅನ್ನುವುದೇ ಇಲ್ಲಿ ಲೆಕ್ಕ.

ಹೆಂಟೆಯನ್ನು ಲೋಟಕ್ಕೆ ಹಾಕಿ

ಗಟ್ಟಿ ಪದರ ಸಿಕ್ಕಿತು. ಅದು ಯಾವ ಜಾತಿಯದು? ಮುಂದಿನ ಖರ್ಚೆಲ್ಲ ಇದರ ಮೇಲೆ ನಿಂತಿದೆ. ನಿಂಬೆಹಣ್ಣಿನ ಗಾತ್ರದ ಒಂದು ತುಂಡು ಒಡೆದು ತೆಗೆಯಿರಿ. ನೆರಳಲ್ಲಿ ಒಣಗಿಸಿ. ಗಾಜಿನ ಲೋಟದಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ, ಬೆಳಗಿನ ತನಕ ಬಿಡಿ.

ಬೆಳಿಗ್ಗೆ ಅದು ಕರಗಿ ಕೆಸರಾಗಿದ್ದರೆ ಬರೀ ಒತ್ತಿಕೊಂಡ ಮಣ್ಣು. ವರ್ಷಾನುಗಟ್ಟಲೆ ಒಂದೇ ಆಳಕ್ಕೆ ಉತ್ತರೆ, ರೋಟವೇಟರ್ ಹೊಡೆದರೆ, ಹಸಿ ಇರುವಾಗ ಟ್ರ್ಯಾಕ್ಟರ್ ಇಳಿಸಿದರೆ ಆಗುವ ಪದರ ಇದು. ಅರ್ಧ ಅಡಿಯಿಂದ ಒಂದಡಿಯ ಒಳಗೆ ಸಿಗುತ್ತದೆ. ಮನುಷ್ಯ ಮಾಡಿದ್ದು, ಮನುಷ್ಯ ಒಡೆಯಬಹುದು.

ಕರಗದಿದ್ದರೆ ಇನ್ನೊಂದು ಒಣ ತುಂಡಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಹಿಂಡಿ. ನೊರೆ ಬಂದರೆ ಸುಣ್ಣದ ಅಂಶ ಮಣ್ಣನ್ನು ಅಂಟಿಸಿದೆ. ನಂಜನಗೂಡು ಕಡೆ ತಗ್ಗಿನ ಎರೆ ಹೊಲಗಳಲ್ಲಿ ಕಾಣುವ ಬಿಳಿ ಸುಣ್ಣದ ಹರಳು ಇದರ ನೆಂಟ.

ನೀರಿಗೂ ಜಗ್ಗಲಿಲ್ಲ, ಹುಳಿಗೂ ಜಗ್ಗಲಿಲ್ಲ ಅಂದರೆ? ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ಅಮೆರಿಕದ ಪಶ್ಚಿಮದ ನೆವಾಡಾ, ಇಡಾಹೊ, ಆರೆಗನ್ ರಾಜ್ಯಗಳಲ್ಲಿ ಜ್ವಾಲಾಮುಖಿಯ ಬೂದಿ ಮತ್ತು ಲಾವಾದ ಮೇಲೆ ಬೆಳೆದ ಒಣ ಹುಲ್ಲುಗಾವಲುಗಳಿವೆ. ಆ ಬೂದಿಯೆಂದರೆ ಹೆಚ್ಚುಕಡಿಮೆ ಗಾಜಿನ ಪುಡಿ. ಮಳೆ ಕಡಿಮೆ ಆದ್ದರಿಂದ ನೀರು ಸ್ವಲ್ಪ ಆಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆ ನೀರು ಗಾಜಿನಿಂದ ಕರಗಿಸಿ ತಂದ ಸಿಲಿಕಾವನ್ನು ನಿಂತಲ್ಲೇ ಬಿಟ್ಟು ಆರಿಹೋಗುತ್ತದೆ. ಸಾವಿರಾರು ವರ್ಷ ಹೀಗೆ ನಡೆದು, ಒಂದೆರಡಡಿ ಕೆಳಗೆ ಸಿಮೆಂಟು ಹಾಕಿದಂಥ ಪದರ ಕೂತಿರುತ್ತದೆ. ಅದಕ್ಕೆ ಡ್ಯುರಿಪ್ಯಾನ್ ಎಂದು ಹೆಸರು. ಆಸಿಡ್‌ಗೆ ಅದು ಕರಗುವುದಿಲ್ಲ, ಬಿಸಿಯಾದ ಗಾಢ ಕ್ಷಾರಕ್ಕೆ ಮಾತ್ರ ಸಡಿಲವಾಗುತ್ತದೆ. ಅಲ್ಲಿ ಇಂಥ ನೆಲವನ್ನು ಬಹುಪಾಲು ದನ ಮೇಯಿಸಲು ಬಿಟ್ಟಿದ್ದಾರೆ. ನನಗೆ ಅದು ಸೋಲು ಅನ್ನಿಸಲಿಲ್ಲ, ಲೆಕ್ಕ ಗೊತ್ತಿದ್ದವರ ಕೆಲಸ ಅನ್ನಿಸಿತು.

ನಮ್ಮಲ್ಲಿ ಜ್ವಾಲಾಮುಖಿ ಬೂದಿಯ ಕಥೆ ಇಲ್ಲ. ಲಾವಾ ಹರಿದ ಕಪ್ಪು ಕಲ್ಲು ಬೇಕೆಂದರೆ ಬೆಳಗಾವಿ, ಬೀದರ್ ಕಡೆ ಹೋಗಬೇಕು. ಮಂಡ್ಯ ಮೈಸೂರಿನ ತಳಕಲ್ಲು ಬಹುಪಾಲು 300 ಕೋಟಿ ವರ್ಷ ದಾಟಿದ ನೈಸ್ ಶಿಲೆ. ಹಾಗಾಗಿ ನಮ್ಮ ಬೆದ್ದಲಿನಲ್ಲಿ ಯಾವುದಕ್ಕೂ ಜಗ್ಗದ ಪದರ ಸಿಕ್ಕಿದರೆ ಅದು ಸಾಮಾನ್ಯವಾಗಿ ಅರೆಕರಗಿದ ಬಂಡೆ, ಅಂದರೆ ಗರಸು. ಹುಟ್ಟು ಬೇರೆಯಾದರೂ ಬೇರಿನ ಪಾಲಿಗೆ ಎರಡೂ ಒಂದೇ.

ಒಡೆಯಬೇಕೋ, ಬಿಡಬೇಕೋ

ಒತ್ತಿಕೊಂಡ ಮಣ್ಣಾದರೆ ಒಡೆಯಿರಿ, ಒಂದು ಕಡೆ ಬಿಟ್ಟು. ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳಲ್ಲಿ ಕೆಸರು ಮಾಡಿ ಮಾಡಿ ಆಗಿರುವ ಪದರ ಭತ್ತಕ್ಕೆ ಬೇಕು. ನೀರು ನಿಲ್ಲುವುದೇ ಅದರಿಂದ. ಭತ್ತ ಬಿಟ್ಟು ಕಬ್ಬೋ ತೆಂಗೋ ಹಾಕುವುದಾದರೆ ಮಾತ್ರ ಅದಕ್ಕೆ ಕೈ ಹಾಕಿ.

ಒಡೆಯಲು ಬೇಕಾದ್ದು ಉಳಿ ನೇಗಿಲು. ಮಣ್ಣನ್ನು ಮಗುಚುವುದಿಲ್ಲ, ಸೀಳುತ್ತದೆ. 45 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಇರಲಿ. ಗುಂಡಿ ತೋಡುವುದು ಹದದಲ್ಲಿ, ಒಡೆಯುವುದು ಮಾತ್ರ ಒಣಗಿದಾಗ. ಒಣ ಪದರ ಪಟಪಟ ಬಿರುಕು ಬಿಡುತ್ತದೆ, ಹಸಿ ಪದರದಲ್ಲಿ ಉಳಿ ಬೆಣ್ಣೆ ಕುಯ್ದ ಹಾಗೆ ಹೋಗಿ ಗೋಡೆಗೆ ಮತ್ತೆ ಗಾರೆ ಬಳಿಯುತ್ತದೆ. ಪದರದ ತಳಕ್ಕಿಂತ ಎರಡು ಅಂಗುಲ ಕೆಳಗೆ ಹೋಗಬೇಕು. ಅರ್ಧ ಮೀಟರ್‌ಗೆ ಒಂದು ಸಾಲು, ಆಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ. ಎಕರೆಗೆ ಐದು ಟನ್ ಕೊಟ್ಟಿಗೆ ಗೊಬ್ಬರವನ್ನೋ ಕೊಳೆಸಿದ ತೆಂಗಿನ ನಾರಿನ ಪುಡಿಯನ್ನೋ ಸೇರಿಸಿ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ಕೂಡ ಆಗುತ್ತದೆ. ಆ ವರ್ಷವೇ ತೊಗರಿ, ಹರಳು ಅಥವಾ ಅಪ್ಸೆಣಬು ಬಿತ್ತಿ, ಬೇರು ಆ ಬಿರುಕಿನಲ್ಲಿ ಇಳಿಯಲಿ. ಇಷ್ಟೆಲ್ಲ ಮಾಡಿ ಮತ್ತೆ ಹಸಿ ನೆಲಕ್ಕೆ ರೋಟವೇಟರ್ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಪದರ ವಾಪಸ್ಸು.

ಸುಣ್ಣದ ಪದರವೋ ಗರಸೋ ಆದರೆ ಇಡೀ ಹೊಲ ಒಡೆಯುವ ಯೋಚನೆ ಬಿಡಿ. ಮರ ಬೇಕೇ ಬೇಕು ಅನ್ನುವವರು ಜೆಸಿಬಿಯಲ್ಲಿ ಮೂರಡಿ ಚೌಕದ ಗುಣಿ ತೆಗೆಸಿ, ತಳದಲ್ಲಿ ಹಾರೆ ಹಾಕಿ ಪದರ ತೂತಾಯಿತೇ ನೋಡಿ. ಎರಡು ಬಿಂದಿಗೆ ನೀರು ಹುಯ್ದು ಬಿಡಿ. ಮಾರನೇ ಬೆಳಿಗ್ಗೆ ನೀರು ಅಲ್ಲೇ ನಿಂತಿದ್ದರೆ ಅದು ಗುಣಿಯಲ್ಲ, ನಮ್ಮ ಮಾವ ಹೇಳಿದ ಬಾನಿ. ಅಲ್ಲಿ ಗಿಡ ನೆಡಬೇಡಿ. ನೀರು ಇಂಗಿದ ಗುಣಿಯಲ್ಲಿ ಸೀತಾಫಲ, ಎಲಚಿ, ಬೆಟ್ಟದ ನೆಲ್ಲಿ ಮಾವಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಡ್ರಿಪ್ ಹಾಕಿದ್ದರೆ ವಾರಕ್ಕೊಮ್ಮೆ ಜಾಸ್ತಿ ಬಿಡುವ ಬದಲು ದಿನ ಬಿಟ್ಟು ದಿನ ಸ್ವಲ್ಪ ಬಿಡಿ.

ಉಳಿದ ತೆಳು ನೆಲಕ್ಕೆ ಹುರುಳಿ, ಹುಲ್ಲು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಇರುವ ಒಂದಡಿ ಮಣ್ಣು ಕೊಚ್ಚಿ ಹೋಗದಿರಲಿ. ಅಂಜನ್ ಹುಲ್ಲಿನ ಜೊತೆ ಸ್ಟೈಲೋ ಎಂಬ ದ್ವಿದಳ ಗಿಡ ಬಿತ್ತಿದರೆ ಕುರಿಗೆ ಒಳ್ಳೆಯ ಮೇವು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಮೊದಲು ಕುದಿಯದ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆಯಿರಿ. ನೆಲ ಹಸಿ ಇರುವಾಗ ದನ ಬಿಡಬೇಡಿ. ಗೊರಸು ತುಳಿದೂ ನೆಲ ಗಟ್ಟಿಯಾಗುತ್ತದೆ. ಅಂದ ಹಾಗೆ ನೀವು ಅಗೆಯಲು ಹೊರಟಿರುವುದು ಗೋಮಾಳವಾದರೆ ಮೊದಲು ತಾಲ್ಲೂಕು ಕಚೇರಿಯಲ್ಲಿ ಕೇಳಿ, ಅದು ಸರ್ಕಾರದ ಜಾಗ.

ತೆಗೆದ ತುಂಡುಗಳ ಬಗ್ಗೆ ಅನುಮಾನ ಇದ್ದರೆ ಮಂಡ್ಯದ ವಿ.ಸಿ. ಫಾರ್ಮ್‌ನಲ್ಲೋ ಮೈಸೂರು ಕಡೆಯವರು ಸುತ್ತೂರಿನಲ್ಲೋ ಇರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬಹುದು. ಯಾವ ಗುಂಡಿ, ಎಷ್ಟು ಆಳ ಎಂದು ಚೀಟಿ ಬರೆದು ಕವರಿನಲ್ಲಿ ಹಾಕಿಕೊಂಡು ಹೋಗಿ.

ನನ್ನ ನಲವತ್ತರಲ್ಲಿ ಒಂಬತ್ತು ಮಾವು ಉಳಿದಿವೆ, ಎಲ್ಲವೂ ತಗ್ಗಿನ ಕಡೆಯವೇ. ಮೇಲ್ಗಡೆ ಈಗ ಸೀತಾಫಲ, ಹುಲ್ಲು, ಹನ್ನೆರಡು ಕುರಿ. ಗುಂಡಿಗಳ ಆಳವನ್ನು ಪಂಪ್‌ಹೌಸಿನ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದೇನೆ. ಗುಂಡಿಗಳನ್ನು ಮಾತ್ರ ಅದೇ ದಿನ ಮುಚ್ಚಿಬಿಡಿ. ನಮ್ಮದರಲ್ಲಿ ಪಕ್ಕದ ಮನೆಯ ಕರು ಬಿದ್ದು, ಮೇಲೆತ್ತಲು ನಾಲ್ಕು ಜನ ಬೇಕಾಯಿತು.